ಸರದಿಯ ಕಾಳಗವೋ, ಓಡುವ ಕಾಳಗವೋ? ಕಂಪ್ಯೂಟರ್ ಆಟ ಕೊಳ್ಳುವವರಿಗೆ ಮಾಹಿತಿ



ಕಾಲೇಜಿಗೆ ಹೋಗುವ ಮಕ್ಕಳು ಕೇಳುವ ಕಂಪ್ಯೂಟರ್ ಆಟಗಳಲ್ಲಿ ತಂತ್ರಪ್ರಧಾನ ರೋಲ್ ಪ್ಲೇಯಿಂಗ್ ಆಟಗಳದ್ದು ಒಂದು ವರ್ಗ. ಆಡುವವರು ಒಂದು ಸಣ್ಣ ತಂಡವನ್ನು ನಡೆಸುತ್ತಾರೆ. ಕಥೆ ಸಾಗಿದಂತೆ ತಂಡದವರ ಶಕ್ತಿ ಬೆಳೆಯುತ್ತದೆ. ದುಡ್ಡು ಕೊಡುವವರು ನಾವಾದ್ದರಿಂದ, ಕಾಳಗದ ಎರಡು ಪದ್ಧತಿಗಳನ್ನು ತಿಳಿದಿರುವುದು ಒಳ್ಳೆಯದು.

1. ಟರ್ನ್ ಬೇಸ್ಡ್, ಅಂದರೆ ಸರದಿ ಪದ್ಧತಿ. ನಮ್ಮ ಚೌಕಾಬಾರದಂತೆ ಒಬ್ಬರ ನಡೆ ಮುಗಿದ ಮೇಲೆ ಇನ್ನೊಬ್ಬರದು. 1997ರ ಫಾಲ್‌ಔಟ್‌ನಲ್ಲಿ ಪ್ರತಿ ಸರದಿಗೂ ಇಂತಿಷ್ಟು ಅಂಕ; ನಡೆದರೂ ಗುಂಡು ಹಾರಿಸಿದರೂ ಅದರಲ್ಲೇ ಖರ್ಚು.

2. ರಿಯಲ್ ಟೈಮ್, ಅಂದರೆ ಓಡುವ ಪದ್ಧತಿ. ಕಬಡ್ಡಿ ಅಂಕಣದಂತೆ ಎಲ್ಲರೂ ಒಟ್ಟಿಗೆ ಚಲಿಸುತ್ತಾರೆ. 1998ರ ಬಾಲ್ಡರ್ಸ್ ಗೇಟ್‌ನಲ್ಲಿ ಆರು ಮಂದಿಯವರೆಗಿನ ತಂಡ. ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ, ಅಪ್ಪಣೆ ಕೊಟ್ಟು, ಮತ್ತೆ ಓಡಿಸಬಹುದು.

ಎರಡಕ್ಕೂ ಲಾಭನಷ್ಟ ಉಂಟು. ಓಡುವ ಪದ್ಧತಿಯಲ್ಲಿ ಸಣ್ಣ ಜಗಳ ಕ್ಷಣದಲ್ಲಿ ಮುಗಿಯುತ್ತದೆ, ದೊಡ್ಡದರಲ್ಲಿ ಗೊಂದಲ. ಮಾಂತ್ರಿಕ ಬೆಂಕಿಯುಂಡೆ ಎಸೆಯುವಷ್ಟರಲ್ಲಿ ನಮ್ಮವನೇ ಓಡಿಹೋಗಿ ಅದರ ಕೆಳಗೆ ನಿಂತಿರುತ್ತಾನೆ. ಸರದಿಯಲ್ಲಿ ಎಲ್ಲವೂ ಕಣ್ಣೆದುರು. ಸೋತರೆ ಯಾವ ನಡೆಯಿಂದ ಸೋತೆವೆಂದು ಹಿಂದಿರುಗಿ ನೋಡಬಹುದು. ಆದರೆ ನಾಲ್ಕು ಇಲಿ ಹೊಡೆಯಲಿಕ್ಕೂ ಪ್ರತಿಯೊಬ್ಬರ ಪಾಳಿಗೆ ಕಾಯಬೇಕು.

ತಯಾರಕರೂ ಒಂದೇ ತೀರ್ಮಾನಕ್ಕೆ ನಿಂತಿಲ್ಲ. 2018ರಲ್ಲಿ ಓಡುವ ಪದ್ಧತಿಯಲ್ಲಿ ಬಂದ ಪಿಲ್ಲರ್ಸ್ ಆಫ್ ಎಟರ್ನಿಟಿ ಎರಡನೆಯ ಭಾಗಕ್ಕೆ 2019ರಲ್ಲಿ ಸರದಿಯನ್ನೂ ಸೇರಿಸಿದರು. 2021ರ ಪಾತ್‌ಫೈಂಡರ್: ರಾತ್ ಆಫ್ ದಿ ರೈಟಿಯಸ್‌ನಲ್ಲಿ ಆಟದ ನಡುವೆಯೇ ಪದ್ಧತಿ ಬದಲಿಸಬಹುದು: ಸಣ್ಣ ಜಗಳಕ್ಕೆ ಓಟ, ದೊಡ್ಡದಕ್ಕೆ ಸರದಿ. 2023ರ ಬಾಲ್ಡರ್ಸ್ ಗೇಟ್ 3 ತನ್ನ ಹಳೆಯ ಪದ್ಧತಿ ಬಿಟ್ಟು ಪೂರ್ತಿ ಸರದಿಗೆ ಬಂದಿತು. ಒಂದು ಎಚ್ಚರಿಕೆ: ಓಟಕ್ಕೆಂದು ರಚಿಸಿದ ಆಟದಲ್ಲಿ ಸಣ್ಣ ಜಗಳಗಳು ಹೆಚ್ಚಿದ್ದರೆ, ಆಮೇಲೆ ಸೇರಿಸಿದ ಸರದಿ ಬೇಸರ ತರಿಸೀತು.

ಗಡಿಯವರಾದ ನಮಗೆ ಇನ್ನೊಂದು ವಿಚಾರ. ಮೇಲಿನ ಯಾವ ಆಟವೂ ಕನ್ನಡದಲ್ಲಿಲ್ಲ. ಕಾಸರಗೋಡಿನಲ್ಲಾಗಲಿ ತಾಳವಾಡಿ, ಅಕ್ಕಲಕೋಟೆಯಲ್ಲಾಗಲಿ, ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಎಂಬಂತೆ ಬೆಳೆದ ಹುಡುಗ ಇಂಗ್ಲಿಷ್ ವಿವರಣೆಯನ್ನು ಓಡುವ ಕಾಳಗದ ನಡುವೆ ಓದಬೇಕು. ಸರದಿಯಲ್ಲಿ ಓದಲು ಪುರುಸೊತ್ತು ಸಿಗುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜ “ಈಗ ಯಾಕೆ ಹಿಂದೆ ಸರಿದೆ ಮಗಾ?” ಎಂದು ಕೇಳಬಹುದು, ಹುಡುಗ ಕನ್ನಡದಲ್ಲೇ ಕಾರಣ ಹೇಳಬಹುದು. ಮನೆಯ ಭಾಷೆಗೆ ಅಷ್ಟು ಹೊತ್ತು ಕೆಲಸ ಸಿಕ್ಕಿದರೂ ಲಾಭವೇ. ಬೆರಳು ನಿಧಾನವಾದ ನಮ್ಮಂಥ ಹಿರಿಯರಿಗೂ ಸರದಿಯೇ ವಾಸಿ.

ಕೊಳ್ಳುವ ಮೊದಲು ನೋಡಬೇಕಾದವು:

• ಪದ್ಧತಿ ಒಂದೇ ಇದೆಯೋ, ಎರಡೂ ಇವೆಯೋ?
• ಎರಡಿದ್ದರೆ ನಡುವೆ ಬದಲಿಸಬಹುದೋ, ಆರಂಭದಲ್ಲೇ ಆರಿಸಬೇಕೋ?
• ಓಡುವ ಪದ್ಧತಿಯಾದರೆ, ಶತ್ರು ಕಂಡೊಡನೆ ತಾನಾಗಿ ನಿಲ್ಲುವ ಏರ್ಪಾಡಿದೆಯೋ?
• ವಯೋಮಿತಿ ಎಷ್ಟು? ಬಾಲ್ಡರ್ಸ್ ಗೇಟ್ 3ಕ್ಕೆ ಯುರೋಪಿನ ಪೆಗಿ ಶ್ರೇಣಿ 18. ಚಿಕ್ಕ ಮಕ್ಕಳಿಗೆ ಬೇಡ.

ಆತುರದ ಸ್ವಭಾವದವರಿಗೆ ಓಟ, ಲೆಕ್ಕಾಚಾರದವರಿಗೆ ಸರದಿ. ಮನೆಯಲ್ಲಿ ಇಬ್ಬರೂ ಇದ್ದರೆ ಎರಡೂ ಪದ್ಧತಿಯಿರುವ ಆಟವನ್ನೇ ಕೊಳ್ಳಿರೆಂದು ನಮ್ಮ ಸಲಹೆ.

– ಕಾರ್ಯದರ್ಶಿ