ಹೊಗೆಯಿಂದ ಹುಟ್ಟಿದ ಬಲ: ಟರ್ಬೊ ಕಾರು ನಂಬಿಕೆ ಗಳಿಸಿದ ಕಥೆ

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಕೊಳವೆಯಿಂದ ಹೊರಬಿದ್ದು ಗಾಳಿಪಾಲಾಗುತ್ತದೆ. ಇನ್ನೊಂದು ದೊಡ್ಡ ಪಾಲು ರೇಡಿಯೇಟರಿನ ನೀರನ್ನು ಕಾಯಿಸುವುದರಲ್ಲೇ ಮುಗಿಯುತ್ತದೆ. ಚಕ್ರಕ್ಕೆ ದಕ್ಕುವುದು ಉಳಿದದ್ದು ಮಾತ್ರ. ಹೀಗೆ ಪೋಲಾಗುವ ಹೊಗೆಯನ್ನೇ ಹಿಡಿದು ಮತ್ತೆ ದುಡಿಸಿಕೊಳ್ಳಬಾರದೇಕೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ಟರ್ಬೊಚಾರ್ಜರ್. ಈ ಪ್ರಶ್ನೆ ಎದ್ದದ್ದು 20ನೇ ಶತಮಾನದ ಆರಂಭದಲ್ಲಿ. ಆದರೆ ಸಾಮಾನ್ಯರು ಕೊಳ್ಳುವ ಪೆಟ್ರೋಲ್ ಕಾರಿನಲ್ಲಿ ಅದರ ಉತ್ತರ ನಂಬಿಕೆಗೆ ಅರ್ಹವಾಗಲು ಮುಕ್ಕಾಲು ಶತಮಾನವೇ ಬೇಕಾಯಿತು.

ಇದರ ಮೂಲಪುರುಷ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ವಿಂಟರ್‌ಥೂರ್ ಪಟ್ಟಣದಲ್ಲಿ 1879ರಲ್ಲಿ ಹುಟ್ಟಿದ ಈತ 1905ರಲ್ಲಿ ತನ್ನ ಕಲ್ಪನೆಗೆ ಪೇಟೆಂಟ್ ಪಡೆದ. ಕಲ್ಪನೆ ಸರಳವಾದದ್ದು. ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಗಾಲಿಗಳು. ಹೊರಹೋಗುವ ಹೊಗೆ ಒಂದು ಗಾಲಿಯನ್ನು ತಿರುಗಿಸುತ್ತದೆ; ಅದರೊಡನೆ ತಿರುಗುವ ಇನ್ನೊಂದು ಗಾಲಿ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿನೊಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕಂತೆ ಇಂಧನವನ್ನೂ ಹೆಚ್ಚು ಉರಿಸಬಹುದು. ಎಂಜಿನ್ನಿನ ಗಾತ್ರ ಹಿಗ್ಗದೆಯೇ ಬಲ ಹಿಗ್ಗುತ್ತದೆ.

ಕಲ್ಪನೆ ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. 1925ರಲ್ಲಿ ಬ್ಯೂಕಿ ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ಶೇ 40ಕ್ಕೂ ಹೆಚ್ಚು ಏರಿಸಿ ತೋರಿಸಿದ. ಅದರ ಬೆನ್ನಿಗೇ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳು 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿದವು. ಇತ್ತ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲೇ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತೊಯ್ದಿದ್ದ. ತೆಳುಗಾಳಿಯಲ್ಲಿ 230 ಅಶ್ವಶಕ್ತಿಗೆ ಕುಸಿದಿದ್ದ ಎಂಜಿನ್ ಟರ್ಬೊ ಜೋಡಿಸಿದಾಗ 356 ಅಶ್ವಶಕ್ತಿ ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಬಿ-17ರಂಥ ಬಾಂಬರ್ ವಿಮಾನಗಳು ಬಹು ಎತ್ತರದಲ್ಲಿ ಹಾರಲು ಇದೇ ವಿದ್ಯೆ ನೆರವಾಯಿತು.

ಹಡಗಿಗೂ ವಿಮಾನಕ್ಕೂ ಒದಗಿದ ಈ ಸಾಧನ ಕಾರಿಗೆ ಮಾತ್ರ ಸುಲಭದಲ್ಲಿ ಒಗ್ಗಲಿಲ್ಲ. ಅದಕ್ಕೆ ಕಾರಣ ಪೆಟ್ರೋಲಿನ ಸ್ವಭಾವ. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು. ಇಂಧನ ಸೇರುವುದು ಕೊನೆಗಳಿಗೆಯಲ್ಲಿ. ಆಗಿನ ಪೆಟ್ರೋಲ್ ಎಂಜಿನ್ನುಗಳು ಗಾಳಿ, ಇಂಧನ ಎರಡನ್ನೂ ಬೆರೆಸಿಯೇ ಒತ್ತುತ್ತಿದ್ದವು. ಒತ್ತಿದರೆ ಬಿಸಿಯಾಗುವುದು ಅನಿಲದ ಗುಣ. ಮಿತಿ ಮೀರಿದ ಶಾಖಕ್ಕೆ ಸಿಕ್ಕ ಮಿಶ್ರಣ ಕ್ರಮವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು 'ನಾಕಿಂಗ್' ಎನ್ನುವ ಟಕಟಕ ಸದ್ದು ಇದೇ. ಇದು ಮುಂದುವರಿದರೆ ಪಿಸ್ಟನ್ ಕರಗಿ ತೂತಾಗುವುದೂ ಉಂಟು. ಟರ್ಬೊ ಕೊಡುವ ಬಲವೇ ಎಂಜಿನ್ನಿಗೆ ಕುತ್ತಾಗುವ ವಿಚಿತ್ರ ಸಂಕಟವಿದು.

ಈ ಸಂಕಟಕ್ಕೆ ಜನರಲ್ ಮೋಟರ್ಸ್ ಸಂಸ್ಥೆಯ ಎರಡು ವಿಭಾಗಗಳು 1962ರಲ್ಲಿ ಎರಡು ಬಗೆಯ ಪರಿಹಾರ ಹುಡುಕಿದವು. ಷೆವ್ರೋಲೆ ವಿಭಾಗ ತನ್ನ ಕಾರ್ವೇರ್ ಮೊಂಜಾ ಸ್ಪೈಡರ್ ಕಾರಿನಲ್ಲಿ ಸಿಲಿಂಡರಿನೊಳಗಿನ ಒತ್ತಡದ ಅನುಪಾತವನ್ನು 8ಕ್ಕೆ 1ರಷ್ಟು ತಗ್ಗಿಸಿ, 2.4 ಲೀಟರ್ ಎಂಜಿನ್ನಿನಿಂದ 150 ಅಶ್ವಶಕ್ತಿ ಪಡೆದು ತೃಪ್ತಿಪಟ್ಟಿತು. ಓಲ್ಡ್ಸ್‌ಮೊಬೀಲ್ ವಿಭಾಗದ ಆಸೆ ಇನ್ನೂ ದೊಡ್ಡದಿತ್ತು. ಅದರ ಜೆಟ್‌ಫೈರ್ ಕಾರಿನ 3.5 ಲೀಟರ್ ಅಲ್ಯೂಮಿನಿಯಂ ವಿ-8 ಎಂಜಿನ್ 10.25ಕ್ಕೆ 1ರ ಅನುಪಾತವನ್ನು ಉಳಿಸಿಕೊಂಡೇ 215 ಅಶ್ವಶಕ್ತಿ ಕೊಟ್ಟಿತು. ಅಂದರೆ ಘನ ಅಂಗುಲಕ್ಕೆ ಒಂದು ಅಶ್ವಶಕ್ತಿ. ಅದೇ ಎಂಜಿನ್ನಿನ ಸಾಧಾರಣ ರೂಪದ ಶಕ್ತಿ 155 ಮಾತ್ರ.

ಜೆಟ್‌ಫೈರಿನ ಗುಟ್ಟು ಒಂದು ದ್ರವದಲ್ಲಿತ್ತು. ಶುದ್ಧ ನೀರು, ಮೆಥನಾಲ್ ಹಾಗೂ ತುಕ್ಕು ನಿರೋಧಕದ ಈ ಮಿಶ್ರಣಕ್ಕೆ ಕಂಪೆನಿ ಇಟ್ಟ ಹೆಸರು 'ಟರ್ಬೊ ರಾಕೆಟ್ ಫ್ಲೂಯಿಡ್'. ಟರ್ಬೊ ಜೋರಾಗಿ ಕೆಲಸ ಮಾಡುವಾಗ ಇದು ಗಾಳಿಯೊಡನೆ ಬೆರೆತು ಶಾಖವನ್ನು ಹೀರಿಕೊಳ್ಳುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಈ ದ್ರವದ ಡಬ್ಬಿಯನ್ನು ಆಗಾಗ ತುಂಬಿಸುವ ಹೊಣೆ ಮಾಲೀಕನದಾಗಿತ್ತು. ಪೆಟ್ರೋಲ್ ಹಾಕಿಸಿ, ಅಪರೂಪಕ್ಕೊಮ್ಮೆ ಆಯಿಲ್ ನೋಡಿ ರೂಢಿಯಿದ್ದ ಜನ ಇದನ್ನು ಮರೆತರು. ಡಬ್ಬಿ ಬರಿದಾದರೆ ಒಂದು ಕವಾಟ ಮುಚ್ಚಿಕೊಂಡು ಟರ್ಬೊದ ಒತ್ತಡವನ್ನು ತಡೆಯುತ್ತಿತ್ತು. ಎಂಜಿನ್ ಉಳಿಯುತ್ತಿತ್ತು, ಕಾರು ಮಂಕಾಗುತ್ತಿತ್ತು. ಹೆಚ್ಚು ಹಣ ತೆತ್ತು ಕೊಂಡವರಿಗೆ ಬೇಸರವಾಗದೆ ಇದ್ದೀತೆ? ಎರಡು ವರ್ಷಗಳಲ್ಲಿ ತಯಾರಾದದ್ದು 9,607 ಕಾರುಗಳು. 1963ಕ್ಕೆ ಜೆಟ್‌ಫೈರ್ ನಿಂತಿತು. ಕಡೆಗೆ ಟರ್ಬೊವನ್ನೇ ಬಿಚ್ಚಿ ಸಾಮಾನ್ಯ ಕಾರ್ಬುರೇಟರ್ ಕೂಡಿಸಿಕೊಡಲು ಕಂಪೆನಿ ಮುಂದಾಯಿತು. ಆಸೆ ಕಡಿಮೆಯಿದ್ದ ಕಾರ್ವೇರಿನ ಟರ್ಬೊ 1966ರವರೆಗೂ ಬಾಳಿತು.

ಗಮನಿಸಬೇಕಾದ ಸಂಗತಿಯೆಂದರೆ, ಜೆಟ್‌ಫೈರಿನ ಮೂಲ ಎಂಜಿನ್ ದುರ್ಬಲವಾದದ್ದೇನೂ ಅಲ್ಲ. ಅದೇ ಎಂಜಿನ್ನಿನ ಬ್ಲಾಕನ್ನು ಆಧರಿಸಿ ಆಸ್ಟ್ರೇಲಿಯದ ರೆಪ್ಕೊ ಕಂಪೆನಿ ಕಟ್ಟಿದ ರೇಸ್ ಎಂಜಿನ್ನಿನಿಂದ ಜಾಕ್ ಬ್ರಾಭಮ್ 1966ರ ಫಾರ್ಮುಲಾ ಒನ್ ಚಾಂಪಿಯನ್ ಆದರು. ಅದೇ ವಂಶದ ವಿನ್ಯಾಸವನ್ನು ಬ್ರಿಟನ್ನಿನ ರೋವರ್ ಕಂಪೆನಿ 1965ರಲ್ಲಿ ಪಡೆದು ಮೂರು ದಶಕಗಳಿಗೂ ಹೆಚ್ಚು ಕಾಲ ಬಳಸಿತು. ಸೋತದ್ದು ಲೋಹವಲ್ಲ; ಮಾಲೀಕನ ನೆನಪಿನ ಮೇಲೆ ಇಟ್ಟ ಭರವಸೆ.

ಯೂರೋಪಿನಲ್ಲಿ ಮೊದಲ ಧೈರ್ಯ ಮಾಡಿದ್ದು ಬಿಎಂಡಬ್ಲ್ಯು. 1973ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಅದರ 2002 ಟರ್ಬೊ 2 ಲೀಟರಿನಿಂದ 170 ಅಶ್ವಶಕ್ತಿ ಹೊಮ್ಮಿಸಿತು. ನಾಕಿಂಗ್ ತಪ್ಪಿಸಲು ಒತ್ತಡದ ಅನುಪಾತವನ್ನು 6.9ಕ್ಕೆ ಇಳಿಸಿದ್ದರಿಂದ ಕಡಿಮೆ ವೇಗದಲ್ಲಿ ಎಂಜಿನ್ ಸೊರಗುತ್ತಿತ್ತು. ಹೊಗೆಯ ರಭಸ ಏರಿದೊಡನೆ ಕಾರು ದಿಢೀರನೆ ನೆಗೆಯುತ್ತಿತ್ತು. ಅದರ ಮೇಲೆ ಅದೇ ವರ್ಷದ ತೈಲ ಬಿಕ್ಕಟ್ಟು ಎರಗಿತು. 1,672 ಕಾರುಗಳಿಗೆ ಕಥೆ ಮುಗಿಯಿತು. 1977ರಲ್ಲಿ ರೆನೊ ಕಂಪೆನಿ ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿಸಿದ ಹಳದಿ ಟರ್ಬೊ ಕಾರು ಪದೇ ಪದೇ ಕೆಟ್ಟು ಹೊಗೆಯುಗುಳುತ್ತಿದ್ದುದರಿಂದ 'ಹಳದಿ ಟೀಪಾಟ್' ಎಂಬ ಅಡ್ಡಹೆಸರನ್ನೇ ಪಡೆಯಿತು. 1979ರಲ್ಲಿ ಫ್ರಾನ್ಸಿನ ದಿಜೋನ್‌ನಲ್ಲಿ ಗೆದ್ದ ಬಳಿಕವೇ ನಗುವವರ ಬಾಯಿ ಮುಚ್ಚಿದ್ದು.

ಬೇರೆ ದಾರಿ ತುಳಿದದ್ದು ಸ್ವೀಡನ್ನಿನ ಸಾಬ್. ವಿಮಾನ ತಯಾರಿಕೆಯ ಹಿನ್ನೆಲೆ ಅದಕ್ಕಿತ್ತು. 1969ರಲ್ಲಿ ಟ್ರಕ್ ತಯಾರಕ ಸ್ಕಾನಿಯಾದೊಡನೆ ಒಂದಾದ ಮೇಲೆ ಟರ್ಬೊ ಡೀಸೆಲ್ಲಿನ ಅನುಭವವೂ ಜೊತೆಗೂಡಿತು. 1977ರಲ್ಲಿ ತೆರೆಕಂಡ 99 ಟರ್ಬೊದ 2 ಲೀಟರ್ ಎಂಜಿನ್ನಿನ ಶಕ್ತಿ 145 ಅಶ್ವಶಕ್ತಿ. ಬಿಎಂಡಬ್ಲ್ಯುಗಿಂತ ಕಡಿಮೆ. ಆದರೆ ಸಾಬ್ ಎಂಜಿನಿಯರುಗಳು ಕಣ್ಣಿಟ್ಟದ್ದು ಗರಿಷ್ಠ ವೇಗದ ಮೇಲಲ್ಲ, ದಿನನಿತ್ಯದ ಸಂಚಾರದಲ್ಲಿ ಬೇಕಾಗುವ ಎಳೆತದ ಮೇಲೆ. ಬೇಗ ತಿರುಗುವ ಸಣ್ಣ ಟರ್ಬೊ, ಒತ್ತಡ ಮಿತಿ ಮುಟ್ಟಿದೊಡನೆ ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಹರಿಸುವ 'ವೇಸ್ಟ್‌ಗೇಟ್' ಕವಾಟ ಇವು ಅವರ ಉಪಾಯ.

ನಿಜವಾದ ತಿರುವು ಬಂದದ್ದು 1982ರ ಮಾದರಿಯಲ್ಲಿ. ಪೇರ್ ಯಿಲ್‌ಬ್ರಾಂಡ್ ಮತ್ತು ಸಂಗಡಿಗರು ರೂಪಿಸಿದ ಎಪಿಸಿ ವ್ಯವಸ್ಥೆ ಎಂಜಿನ್ನಿಗೆ ಒಂದು ಕಿವಿಯನ್ನು ಕೊಟ್ಟಿತು. ಎಂಜಿನ್ ಗೋಡೆಗೆ ಅಂಟಿದ ಸೆನ್ಸರ್ ನಾಕಿಂಗಿನ ಮೊದಲ ಕಂಪನವನ್ನು ಗ್ರಹಿಸುತ್ತದೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂಡಲೇ ವೇಸ್ಟ್‌ಗೇಟ್ ತೆರೆಸಿ ಒತ್ತಡವನ್ನು ಇಳಿಸುತ್ತದೆ. ಅಪಾಯ ಕಳೆದೊಡನೆ ಮತ್ತೆ ಏರಿಸುತ್ತದೆ. ಒತ್ತಡದ ಅನುಪಾತ 7.2ರಿಂದ 8.5ಕ್ಕೆ ಏರಿತು. ಇಂಧನದ ಗುಣಮಟ್ಟ ಹೆಚ್ಚುಕಡಿಮೆಯಾದರೂ ಎಂಜಿನ್ ತಾನೇ ಹೊಂದಿಕೊಂಡಿತು. ಜೆಟ್‌ಫೈರ್ ಮಾಲೀಕನಿಗೆ ವಹಿಸಿದ್ದ ಎಚ್ಚರಿಕೆಯ ಕೆಲಸವನ್ನು ಇಲ್ಲಿ ಯಂತ್ರವೇ ವಹಿಸಿಕೊಂಡಿತು.

ಇದರ ಪರೀಕ್ಷೆ ನಡೆದದ್ದು 1986ರ ಅಕ್ಟೋಬರಿನಲ್ಲಿ, ಅಮೆರಿಕದ ಟಾಲಡೀಗಾ ರೇಸ್ ಪಥದಲ್ಲಿ. ಮೂರು ಸಾಬ್ 9000 ಟರ್ಬೊ ಕಾರುಗಳು ಹಗಲಿರುಳೆನ್ನದೆ ಸುಮಾರು 20 ದಿನ ಓಡಿದವು. ಅವುಗಳಲ್ಲಿ ಅತಿ ವೇಗದ ಕಾರು 1 ಲಕ್ಷ ಕಿಲೋಮೀಟರನ್ನು ಗಂಟೆಗೆ ಸರಾಸರಿ 213 ಕಿಲೋಮೀಟರ್ ವೇಗದಲ್ಲಿ ಪೂರೈಸಿತು. ಟರ್ಬೊ ಎಂದರೆ ಬಾಳಿಕೆ ಬಾರದ್ದು ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲ.

ಹಾಗೆಂದು ಮಾಲೀಕನ ಹೊಣೆ ಪೂರ್ತಿ ಕಳೆಯಿತೆಂದಲ್ಲ. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಕಾಯುವುದು ಆಯಿಲಿನ ತೆಳು ಪದರ. ವೇಗವಾಗಿ ಬಂದು ತಟಕ್ಕನೆ ಎಂಜಿನ್ ನಿಲ್ಲಿಸಿದರೆ ಕೆಂಡದಂಥ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗುತ್ತದೆ. ಹಳೆಯ ಟರ್ಬೊ ಕಾರುಗಳನ್ನು ಅರೆನಿಮಿಷ ನಿಧಾನವಾಗಿ ಓಡಲು ಬಿಟ್ಟು ಆರಿಸಬೇಕೆಂಬ ಬುದ್ಧಿಮಾತು ಹುಟ್ಟಿದ್ದು ಹೀಗೆ. ಬೇರಿಂಗಿನ ಸುತ್ತ ನೀರು ಹರಿಸುವ ಏರ್ಪಾಡು ಬಂದ ಮೇಲೆ ಆ ಕಾಟ ಬಹಳಷ್ಟು ತಗ್ಗಿತು.

ಇಂಧನ ಉಳಿತಾಯದ ಕಟ್ಟಳೆಗಳು ಬಿಗಿಯಾದಂತೆ ಟರ್ಬೊ ಶ್ರೀಮಂತರ ಆಟಿಕೆಯಾಗಿ ಉಳಿಯದೆ ಮಧ್ಯಮ ವರ್ಗದ ಕಾರಿಗೂ ಇಳಿಯಿತು. ಭಾರತದಲ್ಲಿ 4 ಮೀಟರಿಗಿಂತ ಗಿಡ್ಡವಾದ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ 2006ರಲ್ಲಿ ದೊರೆತ ತೆರಿಗೆ ರಿಯಾಯಿತಿ ಸಣ್ಣ ಎಂಜಿನ್ನಿಗೆ ಅನುಕೂಲವಾಯಿತು. 2013ರಲ್ಲಿ ಇಲ್ಲಿಗೆ ಬಂದ ಫೋರ್ಡ್ ಇಕೋಸ್ಪೋರ್ಟ್ ಕಾರಿನ ಮೂರು ಸಿಲಿಂಡರಿನ 1 ಲೀಟರ್ ಇಕೋಬೂಸ್ಟ್ ಎಂಜಿನ್ ಈ ಹೊಸ ಪೀಳಿಗೆಯದು. 2012ರಿಂದ ಸತತ ಮೂರು ವರ್ಷ ಅದಕ್ಕೆ ವರ್ಷದ ಶ್ರೇಷ್ಠ ಎಂಜಿನ್ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ಎಂಜಿನ್ನಿನ ಆಯಿಲ್ ಪಂಪ್ ತಿರುಗಿಸುವ ಬೆಲ್ಟ್ ಸವೆದು ಹರಿಯಬಹುದೆಂಬ ಕಾರಣಕ್ಕೆ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗಾಗಿ ವಾಪಸು ಕರೆಯಬೇಕಾಯಿತು. ಇಲ್ಲಿಯೂ ತಪ್ಪು ಟರ್ಬೊದ್ದಲ್ಲ, ಅದರ ಪಕ್ಕದ ಒಂದು ಸಣ್ಣ ಭಾಗದ್ದು.

ಕಾರು ಮಾರುವವರ ಕೈಪತ್ರದಲ್ಲಿ ಅಶ್ವಶಕ್ತಿ, ಸಿಸಿ, ಎಳೆತದ ಅಂಕಿಗಳು ದಪ್ಪ ಅಕ್ಷರದಲ್ಲಿರುತ್ತವೆ. ಬಾಳಿಕೆಗೆ ಅಂಥ ಅಂಕಿಯಿಲ್ಲ. ಜೆಟ್‌ಫೈರಿನ ಅಂಕಿಗಳು ಅದರ ಕಾಲಕ್ಕೆ ಬೆರಗು ಹುಟ್ಟಿಸುವಂಥವು. 99 ಟರ್ಬೊದವು ಸಾಧಾರಣ. ಉಳಿದದ್ದು ಎರಡನೆಯದರ ದಾರಿ. ಸಾಬ್ ಕಾರು ಕಂಪೆನಿ 2011ರಲ್ಲಿ ದಿವಾಳಿಯೆದ್ದು ಮುಚ್ಚಿಹೋಯಿತು. ಆದರೂ ಇಂದು ಮಾರಾಟವಾಗುವ ಟರ್ಬೊ ಪೆಟ್ರೋಲ್ ಕಾರುಗಳೊಳಗೆ ಒಂದು ಪುಟ್ಟ ಸೆನ್ಸರ್ ಕುಳಿತು ಎಂಜಿನ್ನಿನ ಸದ್ದನ್ನು ಆಲಿಸುತ್ತಲೇ ಇದೆ. ಅದು ಆಲಿಸಲಾರದ್ದು ಒಂದೇ, ಹೊತ್ತಿಗೆ ಸರಿಯಾಗಿ ಬದಲಾಗದ ಆಯಿಲಿನ ಮೊರೆ. ಅದನ್ನು ಕೇಳಿಸಿಕೊಳ್ಳುವ ಕೆಲಸ ಮಾತ್ರ ಇನ್ನೂ ಮಾಲೀಕನದೇ.