ಸೌತ್ ಪಾಸಿನ ಎರಡು ಕಲ್ಲುಗಳು

ಘಟ್ಟದ ದಾರಿಯೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಆಗುಂಬೆಯ ಕಡಿದಾದ ತಿರುವುಗಳು. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿರುವ ಸೌತ್ ಪಾಸ್ ಅಂಥದಲ್ಲ. ಸಮುದ್ರಮಟ್ಟದಿಂದ ಸುಮಾರು 7,400 ಅಡಿ ಎತ್ತರದಲ್ಲಿದ್ದರೂ ಅದೊಂದು ಕುರುಚಲು ಗಿಡಗಳ, ಗಾಳಿ ಬೀಸುವ ವಿಶಾಲ ಬಯಲು. ರಾಕಿ ಪರ್ವತಶ್ರೇಣಿ ಅಲ್ಲಿ ಬಾಗಿ ದಾರಿ ಬಿಟ್ಟಿದೆ. ಪೂರ್ವಕ್ಕೆ ಸರಿದ ನೀರು ಸ್ವೀಟ್‌ವಾಟರ್ ಹೊಳೆಯನ್ನು ಕೂಡಿ, ಪ್ಲಾಟ್, ಮಿಸೌರಿ, ಮಿಸಿಸಿಪಿಗಳ ಮೂಲಕ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಸರಿದದ್ದು ಗ್ರೀನ್, ಕೊಲೊರಾಡೊ ನದಿಗಳ ಹಾದಿ ಹಿಡಿಯುತ್ತದೆ. 1840ರ ದಶಕದಿಂದ 1869ರಲ್ಲಿ ಖಂಡವನ್ನು ದಾಟುವ ರೈಲುಮಾರ್ಗ ಮುಗಿಯುವವರೆಗೆ ಲಕ್ಷಾಂತರ ವಲಸೆಗಾರರು ಬಂಡಿಗಳೊಡನೆ ಈ ದಾರಿಯಲ್ಲಿ ನಡೆದರು. ಜಲವಿಭಾಜಕವನ್ನು ದಾಟಿದೆವೆಂಬುದು ಎಷ್ಟೋ ಮಂದಿಗೆ ತಿಳಿದದ್ದು ಮುಂದೆ ಪೆಸಿಫಿಕ್ ಸ್ಪ್ರಿಂಗ್ಸ್ ಎಂಬ ಒರತೆಯ ನೀರು ಪಡುವಣಕ್ಕೆ ಹರಿಯುವುದನ್ನು ಕಂಡಾಗ.

ಈ ಬಯಲಿನಲ್ಲಿ ಎರಡು ಸ್ಮಾರಕಶಿಲೆಗಳಿವೆ. ಒಂದು ಎಜ್ರಾ ಮೀಕರನದು. 1852ರಲ್ಲಿ ತರುಣನಾಗಿ ಪಶ್ಚಿಮಕ್ಕೆ ಹೋದ ಈತ, 1906ರಲ್ಲಿ ಎಪ್ಪತ್ತೈದರ ಮುದುಕನಾಗಿ ಅದೇ ದಾರಿಯನ್ನು ಎತ್ತಿನ ಬಂಡಿಯಲ್ಲಿ ಹಿಮ್ಮುಖವಾಗಿ ಸವೆಸುತ್ತ, ಜನ ಮರೆಯುತ್ತಿದ್ದ ಜಾಡಿನುದ್ದಕ್ಕೂ ಗುರುತುಗಳನ್ನು ನೆಡಿಸಿದ. ಹಟದ ಮನುಷ್ಯ. ಅವನ ಕಲ್ಲು ಹಳೆಯ ಆರೆಗಾನ್ ದಾರಿಯ ಹೆಸರನ್ನೂ 1843–57 ಎಂಬ ಕಾಲವನ್ನೂ ಹೇಳಿ ಸುಮ್ಮನಾಗುತ್ತದೆ. 57ರ ಅನಂತರವೂ ಬಂಡಿಗಳು ನಡೆದೇ ಇದ್ದವು.

ಎರಡನೆಯದನ್ನು 1916ರಲ್ಲಿ ಎಚ್. ಜಿ. ನಿಕರ್ಸನ್ ಎಂಬಾತ ನಿಲ್ಲಿಸಿದ. ನಾರ್ಸಿಸಾ ವಿಟ್ಮನ್, ಎಲೈಜಾ ಸ್ಪಾಲ್ಡಿಂಗ್ ಎಂಬ ಇಬ್ಬರು ಪಾದ್ರಿಪತ್ನಿಯರ ಹೆಸರು, 1836ರ ಜುಲೈ 4 ಎಂಬ ತಾರೀಖು, ಈ ಕಣಿವೆಯನ್ನು ದಾಟಿದ ಮೊದಲ ಬಿಳಿಯ ಸ್ತ್ರೀಯರು ಇವರೆಂಬ ಮಾತು, ಇಷ್ಟೇ ಅದರ ಒಕ್ಕಣೆ.

ಹಳೆಗನ್ನಡ ಶಾಸನಗಳನ್ನು ಪಾಠ ಹೇಳಿ ಬಂದವನಾದ್ದರಿಂದ ನನ್ನ ದೃಷ್ಟಿ ಮೊದಲು ವಿಶೇಷಣದ ಮೇಲೆ ಬೀಳುತ್ತದೆ. 'ಬಿಳಿಯ' ಎಂಬ ಪದ ಇಂದು ಕಿವಿಗೆ ಒರಟಾಗಿ ಕೇಳಿಸುತ್ತದೆ. ಅದರಲ್ಲಿ ಜನಾಂಗದ ಹೆಮ್ಮೆಯಿರುವುದೂ ದಿಟ. ಆದರೆ ಅದನ್ನು ಚಾಣದಿಂದ ತೆಗೆದು ನೋಡಿ: ಕಲ್ಲು ಆ ಕ್ಷಣವೇ ಸುಳ್ಳು ಹೇಳತೊಡಗುತ್ತದೆ. ಕ್ರೋ, ಶೊಶೋನಿ ಸ್ತ್ರೀಯರು ತಲೆಮಾರುಗಳಿಂದ ಓಡಾಡಿದ ನೆಲವದು. ಅವರು ನಡೆದಿದ್ದರೆಂಬುದಕ್ಕೆ ಆ ಶಾಸನದಲ್ಲಿ ಉಳಿದಿರುವ ಒಂದೇ ಸಾಕ್ಷಿ ಈ ಪದ. ಬರೆಸಿದವನಿಗೆ ಸಾಕ್ಷಿ ನುಡಿಯುವ ಉದ್ದೇಶವಿರಲಿಲ್ಲ, ಶಾಸನಗಳಲ್ಲಿ ಹೀಗಾಗುವುದುಂಟು. ಮುಂದೆ ದಡಾರದಿಂದ ತಮ್ಮವರು ಸಾಯತೊಡಗಿದಾಗ ಕಯೂಸ್ ಜನರಲ್ಲಿ ಕೆಲವರು ವೈದ್ಯನಾಗಿದ್ದ ವಿಟ್ಮನ್ನನ ಮೇಲೆ ಸಂಶಯಗೊಂಡು, 1847ರಲ್ಲಿ ಅವನನ್ನೂ ನಾರ್ಸಿಸಾಳನ್ನೂ ಕೊಂದರು. ಕಲ್ಲಿನಲ್ಲಿ ಆ ಮಾತಿಲ್ಲ.

ದಾರಿ ತೋರಿದವರಾದರೂ ಯಾರು? 1812ರಲ್ಲಿ ಪಶ್ಚಿಮದಿಂದ ಬಂದ ರಾಬರ್ಟ್ ಸ್ಟುವರ್ಟನಿಗೆ ದಕ್ಷಿಣದಲ್ಲೊಂದು ಹತ್ತಿರದ ಹಾದಿಯಿದೆಯೆಂದು ತಿಳಿಸಿದವನು ಒಬ್ಬ ಶೊಶೋನಿ. ಹನ್ನೆರಡು ವರ್ಷಗಳ ಮೇಲೆ ಜೆಡಿಡಯಾ ಸ್ಮಿತ್‌ನ ತುಪ್ಪಳ ಬೇಟೆಗಾರರು ಕ್ರೋ ಜನರ ಬಳಿ ಚಳಿಗಾಲ ಕಳೆದರು. ಭಾಷೆ ಬಾರದು. ಆಗ ಅವರಲ್ಲೊಬ್ಬನಾದ ಜೇಮ್ಸ್ ಕ್ಲೈಮನ್, ತಾನೇ ಮುಂದೆ ಬರೆದಿಟ್ಟಂತೆ, ಕಾಡೆಮ್ಮೆಯ ಚರ್ಮವನ್ನು ಹಾಸಿ, ಮೇಲೆ ಮರಳು ಹರಡಿ, ಬೆಟ್ಟಗಳಿರುವೆಡೆ ಗುಡ್ಡೆ ಮಾಡಿದ. ಆ ಮರಳಿನ ಮೇಲೆ ಕ್ರೋ ಜನ ದಾರಿಯನ್ನು ತಿಳಿಸಿಕೊಟ್ಟರು. 1824ರಲ್ಲಿ ಸ್ಮಿತ್‌ನ ತಂಡ ಕಣಿವೆಯನ್ನು ದಾಟಿತು.