ಎಳೆಯ ಹಾವಿನ ಸ್ವಭಾವ ಮತ್ತು ಹಸ್ತಸ್ಪರ್ಶ: ಆಂಡರ್ಸನ್‌ಪೇಟೆಯ ನೆಲೆಯಿಂದ ಒಂದು ತೌಲನಿಕ ವಿಚಾರ

ಮೊಟ್ಟೆಯೊಡೆದು ಹೊರಬಂದು ಇನ್ನೂ ಗೇಣುದ್ದವನ್ನು ಹೆಚ್ಚಾಗಿ ಮೀರದ ಹಾವಿನ ಮರಿಯೊಂದು, ತನ್ನೆಡೆಗೆ ಚಾಚಿದ ಕೈಯನ್ನು ಕಂಡೊಡನೆ ಕೊರಳನ್ನು ಮಣಿಸಿ, ಬಾಲವನ್ನು ನಡುಗಿಸಿ, ಬಾಯ್ದೆರೆದು ಎರಗಿದರೆ ಅದನ್ನು ಕ್ರೂರವೆಂದೂ, ಅದೇ ಜಾತಿಯ ಪ್ರೌಢ ಸರ್ಪವು ತೋಳಿನ ಮೇಲೆ ಸದ್ದಿಲ್ಲದೆ ಹರಿದುಹೋದರೆ ಅದನ್ನು ಸಾಧುವೆಂದೂ ಕರೆಯುವುದು ಲೋಕರೂಢಿಯಾಗಿದೆ. ಈ ಎರಡು ವಿಶೇಷಣಗಳಲ್ಲಿ ಯಾವುದೂ ಪರೀಕ್ಷೆಗೆ ನಿಲ್ಲತಕ್ಕುದಲ್ಲ. ಮರಿಯ ಆರ್ಭಟವು ಕೋಪವಲ್ಲ, ಭಯ. ಹಿರಿಯ ಹಾವಿನ ಶಾಂತಿಯು ಪ್ರೀತಿಯಲ್ಲ, ರೂಢಿ. ಸಾಕಿದ ಹಾವಿನಲ್ಲಿ ನಾವು ಬಯಸುವ ಈ ರೂಢಿಯು ಕಾಡುಹಾವಿಗೆ ಹಾನಿಕರವಾಗಬಹುದೆಂಬುದನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಸಾಕುಪ್ರಾಣಿಯಾಗಿ ಲೋಕಪ್ರಸಿದ್ಧವಾದ ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ನಿವಾಸಿ. 1766ರಲ್ಲಿ ಲಿನೇಯಸನಿಂದ ನಾಮಕರಣಗೊಂಡ ಈ ನಿರ್ವಿಷ ಸರ್ಪವು ಇಂದು ಪ್ಯಾಂಥೆರೋಫಿಸ್ ಗಟ್ಟೇಟಸ್ ಎನಿಸಿದ್ದರೂ, ಬಹುಕಾಲ ಎಲಾಫೆ ಎಂಬ ಕುಲದಲ್ಲಿಯೇ ಪರಿಗಣಿತವಾಗಿತ್ತು. ನಮ್ಮ ನಾಡಿನ ಆಭರಣದ ಹಾವು, ಎಂದರೆ 1803ರಲ್ಲಿ ದೋದೆಂ ಹೆಸರಿಸಿದ ಹೆಲೆನಾ, ಸಹ ಅದೇ ಕುಲದಲ್ಲಿದ್ದಿತು; ಮಾಲ್ಕಮ್ ಸ್ಮಿತ್ 1943ರಲ್ಲಿ ಪ್ರಕಟಿಸಿದ ಸರ್ಪಸಂಪುಟದಲ್ಲಿಯೂ ಅದಕ್ಕೆ ಎಲಾಫೆ ಎಂಬ ಹೆಸರೇ ಉಂಟು. ಈ ಶತಮಾನದ ಆರಂಭದಲ್ಲಿ ನಡೆದ ಕುಲವಿಮರ್ಶೆಯು ಎರಡನ್ನೂ ಬೇರ್ಪಡಿಸಿ, ನಮ್ಮದನ್ನು ಸೀಲೋಗ್ನೇಥಸ್ ಕುಲಕ್ಕೆ ಸೇರಿಸಿತು. ಆದುದರಿಂದ ಇವೆರಡರ ಸಾಮ್ಯವನ್ನು ನಿಕಟರಕ್ತಸಂಬಂಧದಿಂದ ವಿವರಿಸಲಾಗದು. ಇಲಿಗಳನ್ನು ಸುತ್ತಿ ಹಿಸುಕಿ ಕೊಲ್ಲುವ, ಕಲ್ಲುಸಂದಿಗಳಲ್ಲಿ ಅಡಗುವ, ವಿಷವಿಲ್ಲದ ಕಾರಣ ಬೆದರಿಕೆಯನ್ನೇ ಆಯುಧವಾಗಿ ಮಾಡಿಕೊಂಡ ಸಮಾನ ಜೀವನೋಪಾಯದಿಂದಲೇ ಅದನ್ನು ವಿವರಿಸಬೇಕಾಗುತ್ತದೆ.

ಕೋಲಾರದ ಚಿನ್ನದ ಗಣಿಗಳ ನೆಲೆಯಾದ ಆಂಡರ್ಸನ್‌ಪೇಟೆಯಲ್ಲಿ ಕುಳಿತು ಈ ವಿಷಯವನ್ನು ವಿಚಾರಿಸುವುದಕ್ಕೆ ಕಾರಣವಿಲ್ಲದಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಭೂಗರ್ಭದಿಂದ ಎತ್ತಿ ಅರೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು, ಪಾಳುಬಿದ್ದ ಕಟ್ಟಡಗಳು, ಗಣಿಕಾರ್ಮಿಕರ ಒತ್ತೊತ್ತಾದ ಲೈನ್ ಮನೆಗಳು, ಸುತ್ತಲಿನ ಕುರುಚಲು ಕಾಡು, ಇವೆಲ್ಲವೂ ಇಲಿಗೂ ಹಲ್ಲಿಗೂ ನೆಲೆಯೊದಗಿಸಿ, ತನ್ಮೂಲಕ ಹಾವಿಗೂ ಆಶ್ರಯವಾಗತಕ್ಕವು. ಕನ್ನಡಿಗನ ಕೇರೆಹಾವು ನೆರೆಮನೆಯ ತಮಿಳನಿಗೆ ಸಾರೈ ಪಾಂಬು, ಆಚೆಮನೆಯ ತೆಲುಗನಿಗೆ ಜೆರ್ರಿಪೋತು. ಹೆಸರು ಯಾವುದಾದರೂ ದೊಣ್ಣೆ ಮಾತ್ರ ಒಂದೇ ಎಂಬುದು ಖೇದದ ಸಂಗತಿ.

ಸ್ವಭಾವವೆಂಬುದರ ಶಾಸ್ತ್ರೀಯ ವಿಚಾರಕ್ಕೆ ಬರೋಣ. ಅಮೆರಿಕದ ಗಾರ್ಟರ್ ಹಾವುಗಳ ನವಜಾತ ಮರಿಗಳನ್ನು ಕುರಿತು ಹೆರಾಲ್ಡ್ ಹರ್ಜೋಗ್ ಮತ್ತು ಗಾರ್ಡನ್ ಬರ್ಗಾರ್ಟ್ ಎಂಬ ಪಂಡಿತರು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇಲ್ಲಿ ಅತ್ಯಂತ ಉಪಯುಕ್ತವಾಗಿವೆ. ಮರಿಯ ಮುಂದೆ ಬೆರಳನ್ನು ನಿಶ್ಚಲವಾಗಿ ಹಿಡಿದಾಗಿನದಕ್ಕಿಂತ ಅದನ್ನು ಆಡಿಸಿದಾಗ ಎರಗುವಿಕೆಯು ಹೆಚ್ಚು. ಅಪಾಯ ತಾರದ ಅದೇ ಬೆರಳನ್ನು ದಿನದಿನವೂ ತೋರುತ್ತ ಬಂದರೆ ಎರಗುವಿಕೆಯು ಕ್ರಮೇಣ ಕುಂದುತ್ತದೆ. ಆದರೆ ಒಂದು ಮರಿಗೂ ಇನ್ನೊಂದಕ್ಕೂ, ಒಂದು ತಾಯಿಯ ಸಂತತಿಗೂ ಮತ್ತೊಂದರದಕ್ಕೂ ಇರುವ ಅಂತರವು ಮೊದಲ ವರ್ಷದುದ್ದಕ್ಕೂ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಎಂದರೆ, ಹುಟ್ಟಿನಿಂದ ಬಂದ ಪಾಲೂ ಅನುಭವದಿಂದ ಬಂದ ಪಾಲೂ ಎರಡೂ ಸತ್ಯ. ಒಳ್ಳೆಯ ಕೈಗೆ ಸಿಕ್ಕಿದರೆ ಎಲ್ಲ ಮರಿಯೂ ಸಮನಾಗಿ ಪಳಗುವುದೆಂಬ ಭರವಸೆಗೆ ಆಧಾರವಿಲ್ಲ. ಗಾರ್ಟರ್ ಹಾವಿನ ಫಲಿತಾಂಶವನ್ನು ಅನ್ಯಜಾತಿಗಳಿಗೆ ಅಕ್ಷರಶಃ ಆರೋಪಿಸಲಾಗದೆಂಬ ಆಕ್ಷೇಪವು ನ್ಯಾಯವಾದುದೇ. ಆದರೂ ಕಾರ್ನ್ ಸ್ನೇಕಿನ ಮರಿಗಳಿಗೆ ಅನುಭವದಿಂದ ಕಲಿಯುವ ಶಕ್ತಿಯುಂಟೆಂಬುದನ್ನು ಡೇವಿಡ್ ಹೋಲ್ಟ್ಸ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗವು ಸ್ವತಂತ್ರವಾಗಿಯೇ ತೋರಿಸಿದೆ: ಬಯಲಾದ ಕಣವೊಂದರಲ್ಲಿ ಹಲವು ರಂಧ್ರಗಳ ನಡುವೆ ಆಶ್ರಯಕ್ಕೆ ಒಯ್ಯುವ ಒಂದೇ ರಂಧ್ರದ ಸ್ಥಾನವನ್ನು ಆ ಮರಿಗಳು ಅಭ್ಯಾಸದಿಂದ ಕಲಿತುಕೊಂಡವು. ಕಲಿಯಬಲ್ಲ ಜೀವಿಗೆ ಭಯವನ್ನು ಮರೆಯುವುದೂ ಒಂದು ಕಲಿಕೆಯೇ ಸರಿ.

ಇಷ್ಟನ್ನು ಮನಗಂಡ ಮೇಲೆ, ಕಾರ್ನ್ ಸ್ನೇಕ್ ಸಾಕುವವರು ಪಾಲಿಸುವ ನಿಯಮಗಳ ಅರ್ಥವು ಸುಲಭವಾಗಿ ವಿಶದವಾಗುತ್ತದೆ. ಹೊಸದಾಗಿ ತಂದ ಮರಿಯನ್ನು ಅದು ನೆಲೆಗೆ ಒಗ್ಗಿ, ಕೆಲವು ಬಾರಿ ಆಹಾರ ತೆಗೆದುಕೊಳ್ಳುವವರೆಗೆ ಮುಟ್ಟುವುದಿಲ್ಲ. ಮೇಲಿನಿಂದ ಎರಗಿ ಬರುವ ಕೈ ಗಿಡುಗನ ಕಾಲಿನಂತೆ ಅದಕ್ಕೆ ತೋರುವುದರಿಂದ, ಪಕ್ಕದಿಂದ ನಿಧಾನವಾಗಿ ಕೈಯೊಡ್ಡಿ, ಕತ್ತನ್ನು ಹಿಡಿಯದೆ, ಮೈಯೆಲ್ಲಕ್ಕೂ ಆಧಾರವಿತ್ತು, ಬೆರಳುಗಳ ನಡುವೆ ತಾನಾಗಿ ಹರಿಯಲು ಬಿಡುತ್ತಾರೆ. ಉಂಡ ಬಳಿಕ ಸುಮಾರು ಎರಡು ದಿನ ಎತ್ತಿದರೆ ನುಂಗಿದುದನ್ನು ಕಕ್ಕುವ ಸಂಭವವುಂಟು. ಕಣ್ಣು ನೀಲಿಗಟ್ಟಿ ಮಸಕಾಗುವ ಪೊರೆಯ ಕಾಲದಲ್ಲಿಯಂತೂ ದೃಷ್ಟಿ ಮಂದವಾಗಿರುವುದರಿಂದ ಸಾಧುವೆನಿಸಿದ ಹಾವೂ ಕಚ್ಚಬಹುದು. ಮರಿಯು ಕಚ್ಚಿದರೆ ಆಗುವುದು ಸೂಜಿಮೊನೆಯ ಗೀರಿನಷ್ಟು ಗಾಯ. ಬಾಲದ ಬುಡದ ಗ್ರಂಥಿಗಳಿಂದ ಹೊರಡಿಸುವ ದುರ್ಗಂಧವೇ ಅದಕ್ಕಿಂತ ಅಸಹ್ಯವಾದುದೆಂದು ಹೇಳಬಹುದು.

ಆಭರಣದ ಹಾವಿನ ಮರಿಯಲ್ಲಿ ಈ ಪ್ರತಿಭಟನೆಯು ಇನ್ನಷ್ಟು ನಾಟಕೀಯವಾಗಿದೆ. ಮುಂಗಾಯವನ್ನು ನೆಲದಿಂದೆತ್ತಿ, ಕೊರಳನ್ನು ಇಕ್ಕೆಲಗಳಿಂದ ಚಪ್ಪಟೆಯಾಗಿಸಿ, ಸುರುಳಿಸುರುಳಿಯಾಗಿ ಮಡಿಸಿ, ಬಾಯ್ದೆರೆದು ಮೇಲಿಂದ ಮೇಲೆ ಎರಗುವ ಆ ಪುಟ್ಟ ಜೀವಿಯನ್ನು ನೋಡಿದವನು ಅದು ನಿರ್ವಿಷವೆಂದು ನಂಬಲು ಹಿಂಜರಿದರೆ ಆಶ್ಚರ್ಯವಿಲ್ಲ. ಹೀಗೆ ನಂಬದಿರುವುದೇ ಒಂದು ದೃಷ್ಟಿಯಿಂದ ಕ್ಷೇಮಕರ. ಏಕೆಂದರೆ ನಾಗರ, ಕಟ್ಟುಹಾವು, ಕೊಳಕುಮಂಡಲಗಳ ಮರಿಗಳು ಹುಟ್ಟಿದಂದಿನಿಂದಲೇ ವಿಷವುಳ್ಳವು, ಗುರುತಿಸಲು ಬಾರದವನು ಎಷ್ಟು ಎಳೆಯ ಹಾವನ್ನಾದರೂ ಕೈಯಿಂದ ಮುಟ್ಟಕೂಡದು.

ಆಭರಣದ ಹಾವನ್ನು ಕಾರ್ನ್ ಸ್ನೇಕಿಗೆ ಬದಲಾಗಿ ಹಿಡಿದು ಸಾಕಬಾರದೆ ಎಂಬ ಪ್ರಶ್ನೆಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೇ ಅಡ್ಡವಾಗಿ ನಿಲ್ಲುತ್ತದೆ. ನಮ್ಮ ಕಾಡುಹಾವುಗಳು ಯಾರ ಮನೆಯ ವಿನೋದಕ್ಕೂ ಒದಗತಕ್ಕವಲ್ಲ. ಆದರೆ ಶಾಸನವನ್ನು ಬದಿಗಿರಿಸಿದರೂ ಹೇಳಬೇಕಾದ ಮಾತೊಂದುಂಟು. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಅಲ್ಲಿಯೇ ಬಾಳುವ ಕಾರ್ನ್ ಸ್ನೇಕಿಗೆ ಮನುಷ್ಯಭಯದ ಲೋಪವು ನೆಮ್ಮದಿಯನ್ನೇ ತರುತ್ತದೆ. ಲೈನ್ ಮನೆಯ ಬಚ್ಚಲಿನಲ್ಲಿ ಸಿಕ್ಕಿದ ಮರಿಯೊಂದನ್ನು ಕೆಲವು ವಾರ ಇಟ್ಟುಕೊಂಡು, ದಿನವೂ ಕೈಗೆತ್ತಿಕೊಂಡು, ಪಳಗಿತೆಂದು ಹಿಗ್ಗಿ ಬಳಿಕ ಪೊದೆಗೆ ಬಿಟ್ಟವನಾದರೋ, ಅದರ ಏಕೈಕ ರಕ್ಷಣೆಯನ್ನು ಕಸಿದುಕೊಂಡು ಬಿಟ್ಟಂತಾಗಬಹುದು. ಮುಂದೆ ಬರುವ ಕೈ ಬೆರಳಿನದೋ ದೊಣ್ಣೆಯದೋ ಎಂಬ ವಿವೇಚನೆ ಹಾವಿನ ಮರಿಗೆ ಎಲ್ಲಿಂದ ಬರಬೇಕು?

ಆದುದರಿಂದ ಇಂಥ ಮರಿಯ ಮಟ್ಟಿಗೆ ಹಸ್ತಸ್ಪರ್ಶದ ವಿದ್ಯೆಯು ಕಾರ್ನ್ ಸ್ನೇಕ್ ಸಾಕುವವರ ವಿದ್ಯೆಗೆ ತದ್ವಿರುದ್ಧವಾದುದು. ಅರಣ್ಯ ಇಲಾಖೆಗೆ ತಿಳಿಸಿ, ಹಾವನ್ನು ಬಲ್ಲವರನ್ನು ಕರೆಸಿ, ಕಡ್ಡಿಯಿಂದಲೋ ಮಡಿಸಿದ ರಟ್ಟಿನಿಂದಲೋ ಅದನ್ನು ನೂಲುಬಟ್ಟೆಯ ಚೀಲಕ್ಕೆ ಜಾರಿಸಿ, ಬಿಸಿಲಿಗೆ ಬಾಡದಂತೆ ಒಯ್ದು, ಸಿಕ್ಕಿದ ಸ್ಥಳಕ್ಕೆ ಸಮೀಪವಾದ ಕಲ್ಲುಪೊದೆಗಳಲ್ಲಿ ಆ ದಿನವೇ ಬಿಡಿಸಬೇಕು. ಬಿಡುವಾಗ ಅದು ತಿರುಗಿ ಚೀಲಕ್ಕೆ ಎರಗಿದರೆ, ಕೆಲಸವು ಸರಿಯಾಗಿಯೇ ನಡೆದಿದೆಯೆಂದು ತಿಳಿಯತಕ್ಕದ್ದು.